ಖಾಲಿ ತೋಟೆಯನ್ನು ಉಗುಳದ ಕೋವಿ

ಮೊದಲ ಈಡು ತಾಗಿದ್ದು ಗೊತ್ತಾಯಿತು, ಆದರೆ ಹಂದಿ ಬೀಳಲಿಲ್ಲ. ಬಾಳೆಯ ಬುಡದಲ್ಲಿ ಒಮ್ಮೆ ಕುಸಿದು, ಎದ್ದು, ತೋಡಿನ ಕಡೆ ತಿರುಗಿತು. ಕೋವಿಯ ಮುಂದಿನ ಹಿಡಿಯನ್ನು ಹಿಂದಕ್ಕೆ ಎಳೆದೆ. ಬರಲಿಲ್ಲ. ಇನ್ನೊಮ್ಮೆ ಬಲವಾಗಿ ಎಳೆದೆ, ಟಕ್ ಎಂದು ಬಂತು. ಮುಂದಕ್ಕೆ ದೂಡಿದರೆ ಅರ್ಧದಲ್ಲೇ ನಿಂತಿತು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಪಕ್ಕದ ತೋಟದ ಮಾವ ನನ್ನ ಬೆನ್ನಿಗೆ ನಿಂತು ಟಾರ್ಚ್ ಹಿಡಿದಿದ್ದರು. "ಹೊಡಿ ಮಾರಾಯ, ಇನ್ನೊಂದು ಹೊಡಿ" ಅಂದರು. ನನ್ನ ಬಾಯಿಂದ ಮಾತೇ ಬರಲಿಲ್ಲ. ಅವರಿಗೆ ಅರ್ಥವಾಯಿತು. ಟಾರ್ಚನ್ನು ನನ್ನ ಕೈಗೆ ತುರುಕಿ, ಹೆಗಲಿನಲ್ಲಿದ್ದ ತಮ್ಮ ಹಳೆಯ ಜೋಡುನಳಿಗೆಯನ್ನು ತೆಗೆದು ಒಂದೇ ಈಡಿನಲ್ಲಿ ಮುಗಿಸಿದರು. ಅವರು ಇಲ್ಲದೇ ಹೋಗಿದ್ದರೆ ಗಾಯಗೊಂಡ ಹಂದಿ ರಾತ್ರಿಯಿಡೀ ತೋಡಿನ ಪೊದೆಯಲ್ಲಿ ಕೂತಿರುತ್ತಿತ್ತು. ಬೆಳಿಗ್ಗೆ ಅದೇ ದಾರಿಯಲ್ಲಿ ಹಾಲು ಕೊಡಲು ಹೋಗುವ ಹೆಂಗಸರಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಗಾಯದ ಹಂದಿ ಯಾರನ್ನೂ ನೋಡಿ ಬಿಡುವುದಿಲ್ಲ. ಆ ಯೋಚನೆಗೆ ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಇದು 2024ರ ಜೂನ್ ಕೊನೆಯ ಮಾತು. ನಮ್ಮದು ಕಾಸರಗೋಡಿನ ಎಣ್ಮಕಜೆ ಕಡೆ, ಪೆರ್ಲದಿಂದ ಒಳಗೆ. ಅಡಿಕೆ, ನಡುವೆ ಬಾಳೆ, ಕರಿಮೆಣಸು, ಗುಡ್ಡದ ಬದಿಯಲ್ಲಿ ಗೇರು. ಹಂದಿಯ ಕಾಟ ಹೇಗಿದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. 2022ರಲ್ಲಿ ಕೇರಳ ಸರ್ಕಾರ ಪಂಚಾಯತ್ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟಿತು. ಬೆಳೆ ಹಾಳು ಮಾಡುವ ಹಂದಿಯನ್ನು ಲೈಸೆನ್ಸ್ ಇರುವವರ ಕೈಯಲ್ಲಿ ಹೊಡೆಸಲು ಅವರು ಆದೇಶ ಕೊಡಬಹುದು. ಮಾಂಸ ಮುಟ್ಟುವ ಹಾಗಿಲ್ಲ, ಗುಂಡಿ ತೋಡಿ ಹೂಳಬೇಕು. ಹಾಗೆ ಹೊಡೆಯುವವರ ಪಟ್ಟಿಯಲ್ಲಿ ಮಾವನೂ ನಾನೂ ಇದ್ದೇವೆ. ಅಂದ ಮೇಲೆ ನನ್ನ ಕೋವಿ ಸರಿಯಿಲ್ಲದಿದ್ದರೆ ಅದು ನನ್ನೊಬ್ಬನ ತೊಂದರೆ ಅಲ್ಲ, ಅಲ್ವಾ?

ನನ್ನದು 12 ಬೋರಿನ ಪಂಪ್ ಕೋವಿ. ಮುಂದಿನ ಹಿಡಿ ಹಿಂದೆ ಎಳೆದರೆ ಖಾಲಿ ತೋಟೆ ಬಲಬದಿಯ ಕಿಟಕಿಯಿಂದ ಹಾರಿ ಹೋಗಬೇಕು, ಮುಂದೆ ದೂಡಿದರೆ ನಳಿಗೆಯ ಕೆಳಗಿನ ಟ್ಯೂಬಿನಿಂದ ಹೊಸ ತೋಟೆ ಬಂದು ಕೂರಬೇಕು. ಆರು ವರ್ಷ ಹಾಗೆಯೇ ನಡೆದಿತ್ತು.

ಆ ರಾತ್ರಿ ಮನೆಗೆ ಬಂದು ಮೊದಲು ಮಾಡಿದ ಕೆಲಸ, ಕೋವಿಯ ಬಾಯಿಯನ್ನು ಖಾಲಿ ಗುಡ್ಡದ ಕಡೆ ತಿರುಗಿಸಿ ಟ್ಯೂಬಿನಲ್ಲಿದ್ದ ತೋಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದದ್ದು. ಸಿಕ್ಕಿಕೊಂಡ ಹೊಸ ತೋಟೆಯನ್ನೂ ಕಿಟಕಿಯಿಂದ ಬೆರಳು ಹಾಕಿ ತೆಗೆದೆ. ನೋಡಿದರೆ, ಹೊಡೆದ ತೋಟೆ ಚೇಂಬರಿನಲ್ಲೇ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿನಲ್ಲೇ, ಕೂತಿತ್ತು. ಎರಡನೆಯದು ಹೋಗಿ ಅದರ ಹಿಂಭಾಗಕ್ಕೆ ಗುದ್ದಿ ನಿಂತಿತ್ತು. ಒಳಗಿರುವುದು ಈಡಾದ ತೋಟೆ ಅಂತ ಖಾತ್ರಿ ಇದ್ದದ್ದರಿಂದ ಮಾತ್ರ ನಳಿಗೆಯ ಬಾಯಿಯಿಂದ ಕ್ಲೀನಿಂಗ್ ರಾಡ್ ಹಾಕಿ ಮೆಲ್ಲಗೆ ತಟ್ಟಿ ಹೊರಗೆ ದೂಡಿದೆ. ಕುದುರೆ (ಟ್ರಿಗರ್) ಎಳೆದೂ ಈಡಾಗದೆ ಉಳಿದ ತೋಟೆಯಾದರೆ ಹೀಗೆ ಮಾಡಲೇಬಾರದು. ಅದು ತಡವಾಗಿಯೂ ಹೊತ್ತಿಕೊಳ್ಳಬಹುದು. ಬಾಯಿಯನ್ನು ಯಾರೂ ಇಲ್ಲದ ಕಡೆ ಇಟ್ಟುಕೊಂಡು ಕನಿಷ್ಠ ಒಂದು ನಿಮಿಷ ಕಾಯಬೇಕು. ಕೆಲವರು ಹಿಡಿಯನ್ನು ಹಿಡಿದುಕೊಂಡು ಕೋವಿಯ ಹಿಂಭಾಗವನ್ನು ನೆಲಕ್ಕೆ ಕುಟ್ಟುತ್ತಾರೆ. ನಾನು ಮಾಡಲಿಲ್ಲ. ಕುಟ್ಟುವಾಗ ಬಾಯಿ ನಮ್ಮ ಮುಖದ ಹತ್ತಿರವೇ ಇರುತ್ತದೆ.

ಮಾರನೇ ದಿನ ಬೆಳಿಗ್ಗೆ ಕೋವಿ ಬಿಚ್ಚಿ ಒರೆಸಿ, ಪೇಟೆಯಿಂದ ತಂದಿಟ್ಟಿದ್ದ ಡಮ್ಮಿ ತೋಟೆ ಹಾಕಿ ನೋಡಿದೆ. ಡಮ್ಮಿ ಅಂದರೆ ಮದ್ದೂ ಇಲ್ಲ, ಚರೆಯೂ ಇಲ್ಲ, ಬರೀ ಪ್ಲಾಸ್ಟಿಕ್. ಐದು ಹಾಕಿದೆ, ಐದೂ ಅಂಗಳಕ್ಕೆ ಹಾರಿದವು. ಇನ್ನೊಮ್ಮೆ ಹಾಕಿದೆ, ಮತ್ತೆ ಹಾರಿದವು. ಸರಿ, ಏನೋ ಕಸ ಸಿಕ್ಕಿತ್ತು, ಹೋಯಿತು ಅಂದುಕೊಂಡೆ.

ಅಲ್ಲೇ ತಪ್ಪಿದ್ದು. ಡಮ್ಮಿ ತೋಟೆ ಈಡಾಗುವುದಿಲ್ಲ, ಹಾಗಾಗಿ ಉಬ್ಬುವುದೂ ಇಲ್ಲ. ನಿಜವಾದ ತೋಟೆಗೆ ಬೆಂಕಿ ಬಿದ್ದಾಗ ಅದರ ಗೋಡೆ ಉಬ್ಬಿ ಚೇಂಬರಿಗೆ ಒತ್ತಿಕೊಳ್ಳುತ್ತದೆ, ಗ್ಯಾಸ್ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಒತ್ತಡ ಇಳಿದ ಮೇಲೆ ಸ್ವಲ್ಪ ಕುಗ್ಗುತ್ತದೆ. ಆ ಸ್ವಲ್ಪ ಕುಗ್ಗುವಿಕೆಯಲ್ಲೇ ಎಲ್ಲ ಇರುವುದು. ಅದು ಸಾಲದಿದ್ದರೆ ಮಳೆಗಾಲದಲ್ಲಿ ಮರದ ಬಾಗಿಲು ದಾರಂದಕ್ಕೆ ಕಚ್ಚಿಕೊಂಡ ಹಾಗೆ ತೋಟೆ ಚೇಂಬರಿಗೆ ಕಚ್ಚಿಕೊಳ್ಳುತ್ತದೆ. ಡಮ್ಮಿ ಸಲೀಸಾಗಿ ಬಂತು ಅಂದರೆ ಹಿಡಿಯೂ, ಅದರ ಜೊತೆ ಒಳಗೆ ಹಿಂದೆ ಮುಂದೆ ಹೋಗುವ ಬೋಲ್ಟೂ ಓಡಾಡುತ್ತಿವೆ ಅಂತ ಮಾತ್ರ ಅರ್ಥ. ಚೇಂಬರ್ ಸರಿಯಿದೆ ಅಂತ ಅಲ್ಲ.

ಜುಲೈಯಲ್ಲಿ ಇನ್ನೊಂದು ಆದೇಶ ಬಂತು. ಆ ರಾತ್ರಿ ಎರಡು ಈಡು ಹೊಡೆದೆ. ಮೊದಲನೆಯದು ಸರಿಯಾಗಿ ಹಾರಿತು. ಎರಡನೆಯದು ಚೇಂಬರಿನಿಂದ ಹೊರಗೆ ಬಂದಿತ್ತು, ಆದರೆ ಹಾರದೆ ಕಿಟಕಿಯ ಒಳಗೇ ಅಡ್ಡ ಬಿದ್ದಿತ್ತು. ಹಂದಿ ಅಷ್ಟರಲ್ಲಿ ಬಿದ್ದಿದ್ದರಿಂದ ಆ ಸಲ ಅಪಾಯ ಆಗಲಿಲ್ಲ. ಆದರೆ ನನ್ನ ತಲೆ ಕೆಟ್ಟಿತು. ಜೂನಿನಲ್ಲಿ ಹೊರಗೇ ಬರಲಿಲ್ಲ, ಜುಲೈಯಲ್ಲಿ ಬಂದು ಒಳಗೇ ಉಳಿಯಿತು. ಒಂದೇ ಕಾಯಿಲೆ ಎರಡು ರೀತಿ ತೋರುತ್ತದಾ?

ಒಂದೇ ಕಾಯಿಲೆ ಅಲ್ಲ. ಇದು ಹೊಳೆಯಲು ನನಗೆ ಒಂದು ವಾರ ಬೇಕಾಯಿತು. ಪಂಪ್ ಕೋವಿಯಲ್ಲಿ ತೋಟೆಯನ್ನು ಎಳೆಯುವುದು ಬೇರೆ, ಎಸೆಯುವುದು ಬೇರೆ. ಎಳೆಯುವುದು ಬೋಲ್ಟಿನ ಮುಖದಲ್ಲಿರುವ ಒಂದು ಸಣ್ಣ ಕೊಕ್ಕೆ. ಅದಕ್ಕೆ ಎಕ್ಸ್‌ಟ್ರಾಕ್ಟರ್ ಅನ್ನುತ್ತಾರೆ. ತೋಟೆಯ ಹಿಂಭಾಗದ ಲೋಹದ ಅಂಚನ್ನು ಅದು ಹಿಡಿದುಕೊಂಡು ಹಿಂದಕ್ಕೆ ತರುತ್ತದೆ. ಎಸೆಯುವುದು ಎಜೆಕ್ಟರ್. ನನ್ನ ಕೋವಿಯಲ್ಲಿ ಅದು ಒಳಗೆ ಎಡಗೋಡೆಯಲ್ಲಿ, ಬಹಳ ಹಿಂದೆ ಕೂತಿದೆ. ಕೊಕ್ಕೆ ಬಲಬದಿಯಲ್ಲಿ ಹಿಡಿದು ತಂದ ತೋಟೆಯ ಎಡ ಅಂಚು ಎಜೆಕ್ಟರಿಗೆ ಬಡಿಯುತ್ತದೆ, ತೋಟೆ ಕೊಕ್ಕೆಯ ಮೇಲೆ ತಿರುಗಿ ಬಲಗಡೆ ಹಾರುತ್ತದೆ. ಅಂದರೆ ಖಾಲಿ ತೋಟೆ ಎಲ್ಲಿ ನಿಂತಿದೆ ಅನ್ನುವುದನ್ನು ಮೊದಲು ನೋಡಬೇಕು. ಚೇಂಬರಿನಲ್ಲೇ ಉಳಿದಿದ್ದರೆ ಕೊಕ್ಕೆಯನ್ನೋ, ಚೇಂಬರನ್ನೋ, ತೋಟೆಯನ್ನೋ ನೋಡಬೇಕು. ಕಿಟಕಿಯ ಒಳಗೆ ಬಿದ್ದಿದ್ದರೆ ಎಜೆಕ್ಟರನ್ನು ನೋಡಬೇಕು, ಇಲ್ಲ ನಮ್ಮ ಕೈಯನ್ನು. ಸಿಕ್ಕಿಕೊಂಡ ಕೂಡಲೇ ಗಾಬರಿಯಲ್ಲಿ ಎಳೆದಾಡಿದರೆ ಈ ಗುರುತು ಅಳಿಸಿಹೋಗುತ್ತದೆ, ಜೂನಿನಲ್ಲಿ ನಾನು ಮಾಡಿದ್ದು ಅದೇ. ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಲು ಶುರು ಮಾಡಿದೆ. ತಾರೀಕು, ಎಷ್ಟು ಈಡು, ಯಾವ ಪೆಟ್ಟಿಗೆಯ ತೋಟೆ, ಎಲ್ಲಿ ನಿಂತಿತು.

ಜುಲೈಯ ಕಾಯಿಲೆಯನ್ನು ಹಿಡಿದದ್ದು ನನ್ನ ಭಾವ. ಅವರಿಗೆ ಕೋವಿಯ ಅಭ್ಯಾಸ ಇಲ್ಲ, ಆದರೆ ವೆಲ್ಡಿಂಗ್ ಶಾಪ್ ಇದೆ, ಕಣ್ಣು ಚುರುಕು. ಅಂಗಳದಲ್ಲಿ ಡಮ್ಮಿ ಹಾಕಿ ಎಳೆಯುತ್ತಿದ್ದೆ, ಅವರು ಬದಿಯಲ್ಲಿ ನಿಂತು ನೋಡುತ್ತಿದ್ದರು. ಹತ್ತು ಸಲ ಆದ ಮೇಲೆ ಹೇಳಿದರು, "ಭಾವಾ, ನೀವು ಪೂರ್ತಿ ಎಳೆಯುವುದಿಲ್ಲ. ಕೊನೆಗೆ ಒಂದು ಬೆರಳು ದಪ್ಪದಷ್ಟು ಬಿಡುತ್ತೀರಿ." ನಾನು ಒಪ್ಪಲಿಲ್ಲ. ಅವರು ಹಿಡಿ ಪೂರ್ತಿ ಹಿಂದೆ ಬಂದಾಗ ಅದು ನಿಲ್ಲುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೀಟು ಹಾಕಿದರು. ನೋಡಿದರೆ ನಿಜ. ನಿಧಾನವಾಗಿ, ಹುಷಾರಾಗಿ ಎಳೆಯುವಾಗ ನನ್ನ ಕೈ ಗೀಟಿಗಿಂತ ಮೊದಲೇ ನಿಲ್ಲುತ್ತಿತ್ತು.

ಕಾರಣ ನನಗೆ ಆಮೇಲೆ ಹೊಳೆಯಿತು. ನಾನು ಕೋವಿ ಕಲಿತದ್ದು ಅಪ್ಪನ ಜೋಡುನಳಿಗೆಯಲ್ಲಿ. ಅದನ್ನು ಮಡಚಿ ತೆರೆಯುವಾಗ ಮೆಲ್ಲ ಮಾಡಬೇಕು, ಅಪ್ಪ ಅದನ್ನು ಹೇಳಿ ಹೇಳಿ ಕಲಿಸಿದ್ದರು. ಆ ಮೆಲ್ಲ ಅನ್ನುವುದು ಕೈಗೆ ಕೂತುಬಿಟ್ಟಿತ್ತು. ಪಂಪ್ ಕೋವಿಗೆ ಅದು ಆಗುವುದಿಲ್ಲ. ಎಜೆಕ್ಟರ್ ಕೂತಿರುವುದೇ ಹಿಂದಿನ ಕೊನೆಯಲ್ಲಿ. ಅಲ್ಲಿವರೆಗೆ ಬೋಲ್ಟ್ ಹೋಗದಿದ್ದರೆ ತೋಟೆಗೆ ಪೆಟ್ಟೇ ಬೀಳುವುದಿಲ್ಲ. ನಿಧಾನವಾಗಿ ಹೋದರೂ ಪೆಟ್ಟಿನಲ್ಲಿ ಜೋರು ಇರುವುದಿಲ್ಲ, ತೋಟೆ ಅಲ್ಲೇ ಬೀಳುತ್ತದೆ. ಹಿಡಿಯನ್ನು ಕೊನೆ ಮುಟ್ಟುವವರೆಗೆ ಒಂದೇ ಎಳೆತದಲ್ಲಿ, ಬಲವಾಗಿ ಎಳೆಯಬೇಕು. ದಿನಕ್ಕೆ ಇಪ್ಪತ್ತು ಸಲದಂತೆ ಎರಡು ವಾರ ಡಮ್ಮಿಯಲ್ಲಿ ಅದನ್ನೇ ಅಭ್ಯಾಸ ಮಾಡಿದೆ. ಡಮ್ಮಿ ಹಾಕುವ ಮೊದಲು ಪ್ರತಿ ಸಲ ಚೇಂಬರಿಗೂ ಟ್ಯೂಬಿಗೂ ಬೆರಳು ಹಾಕಿ ಖಾಲಿ ಅಂತ ನೋಡುತ್ತಿದ್ದೆ. ನಿಜವಾದ ತೋಟೆಗಳು ಒಳಕೋಣೆಯ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿದ್ದವು. ಅಭ್ಯಾಸ ಮಾಡುವಾಗ ಅವೆರಡೂ ಒಂದೇ ಕೋಣೆಯಲ್ಲಿ ಇರಬಾರದು ಅನ್ನುವುದು ನನ್ನ ಕಟ್ಟುನಿಟ್ಟು.

ಕೈಯ ತಪ್ಪು ಸರಿಯಾಯಿತು. ಆದರೆ ಜೂನಿನ ಕಾಯಿಲೆ ಹಾಗೇ ಇತ್ತು.

ಅದಕ್ಕೆ ಹೊಡೆದ ತೋಟೆಗಳನ್ನೇ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ತೋಟದಲ್ಲಿ ಬಿದ್ದ ಖಾಲಿ ತೋಟೆಗಳನ್ನು ನಾನು ಯಾವಾಗಲೂ ಹೆಕ್ಕಿ ತರುತ್ತೇನೆ. ಪ್ಲಾಸ್ಟಿಕ್ ಕರಗುವುದಿಲ್ಲ, ದನ ಬಾಯಿ ಹಾಕುತ್ತದೆ. ಹಾಗಾಗಿ ಜೂನಿನದೂ ಇತ್ತು, ಹಿಂದಿನ ವರ್ಷದವೂ ಇದ್ದವು. ಸಿಕ್ಕಿಕೊಂಡ ತೋಟೆಯ ಅಂಚನ್ನು ಓದುವ ಕನ್ನಡಕ ಹಾಕಿಕೊಂಡು ನೋಡಿದಾಗ ಒಂದು ಕಡೆ ಲೋಹ ಕಿತ್ತು ಹಿಂದಕ್ಕೆ ಬಗ್ಗಿತ್ತು. ಅಂದರೆ ಕೊಕ್ಕೆ ಹಿಡಿದಿತ್ತು, ಎಳೆದಿತ್ತು, ಚೇಂಬರ್ ಬಿಡದೆ ಇದ್ದಾಗ ಅಂಚನ್ನು ಹರಿದುಕೊಂಡು ಜಾರಿತ್ತು. ಕೊಕ್ಕೆ ಸವೆದಿದ್ದರೆ ಅಥವಾ ಅದರ ಸ್ಪ್ರಿಂಗ್ ಸತ್ತಿದ್ದರೆ ಅಂಚಿನಲ್ಲಿ ಗಾಯವೇ ಇರುತ್ತಿರಲಿಲ್ಲ, ಸುಮ್ನೆ ಜಾರಿಹೋಗುತ್ತಿತ್ತು. ಇನ್ನೂ ಒಂದು ಕಂಡಿತು. ತೋಟೆಯ ಹಿಂಭಾಗದ ಲೋಹದ ಟೋಪಿಗೆ ತಲೆ ಅನ್ನುತ್ತಾರೆ, ಅದರ ಸುತ್ತ ಉದ್ದುದ್ದ ಸಣ್ಣ ಗೀರುಗಳು. ಹಿಂದಿನ ವರ್ಷದ ತೋಟೆಗಳಲ್ಲಿ ಒಂದೇ ಒಂದು ಗೀರೂ ಇರಲಿಲ್ಲ.

ಟ್ಯೂಬಿನ ತುದಿಯ ಮುಚ್ಚಳ ತಿರುಗಿಸಿ ನಳಿಗೆಯನ್ನು ಕಳಚಿ, ಹಿಂಭಾಗದಿಂದ ಟಾರ್ಚ್ ಬಿಟ್ಟೆ. ಉದ್ದಕ್ಕೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಚೇಂಬರಿನ ಒಳಗೆ ಮಾತ್ರ ಕಂದು ಬಣ್ಣದ ಉಂಗುರ. ತುಕ್ಕು.

ಎಲ್ಲಿಂದ ಬಂತು ಅಂತ ಯೋಚಿಸಬೇಕಾಗಿರಲಿಲ್ಲ. ಆ ವರ್ಷ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು, ಕೋವಿಗಳನ್ನು ಠಾಣೆಯಲ್ಲಿ ಇಡಬೇಕಾಯಿತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟರಲ್ಲಿ ಮೇ 30ಕ್ಕೆ ಮುಂಗಾರು ಬಂದಾಗಿತ್ತು. ಕೋವಿ ವಾಪಸ್ ಕೈಗೆ ಬಂದಾಗ ಜೂನ್ ಮಧ್ಯ. ಠಾಣೆಯವರನ್ನು ನಾನು ದೂರುವುದಿಲ್ಲ, ಅವರು ಜೋಪಾನವಾಗಿ ಇಟ್ಟಿದ್ದರು, ಚೀಟಿ ಅಂಟಿಸಿ ಕೊಟ್ಟಿದ್ದರು. ಕೊಡುವಾಗ ನಾನು ಮಾಡಿದ್ದು ತಪ್ಪು. ಹೊರಗೆಲ್ಲ ಎಣ್ಣೆ ಹಚ್ಚಿ ಮಿರಿಮಿರಿ ಮಾಡಿದೆ, ನಳಿಗೆಯೊಳಗೂ ಎಣ್ಣೆಬಟ್ಟೆ ಎಳೆದೆ, ದಪ್ಪ ಬಟ್ಟೆಯ ಚೀಲದಲ್ಲಿ ಹಾಕಿ ಕೊಟ್ಟೆ. ಆ ಬಟ್ಟೆ ಕರಾವಳಿಯ ಹಸಿಗಾಳಿಯನ್ನು ಮೂರು ತಿಂಗಳು ಹೀರಿಕೊಂಡು ಕೂತಿತ್ತು. ಇನ್ನೊಂದು, ಎಣ್ಣೆಬಟ್ಟೆ ಚೇಂಬರನ್ನು ಸರಿಯಾಗಿ ಮುಟ್ಟಿಯೇ ಇರಲಿಲ್ಲ.

ಇದು ಬಹಳ ಜನರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. 12 ಬೋರಿನ ನಳಿಗೆಯ ಒಳಗಿನ ಅಗಲ ಸುಮಾರು 18.5 ಮಿಲಿಮೀಟರ್. ಅದೇ ಕೋವಿಯ ಚೇಂಬರಿನ ಅಗಲ ಹಿಂದಿನ ತುದಿಯಲ್ಲಿ 20.6ರ ಹತ್ತಿರ. ನಳಿಗೆಗೆ ಬಿಗಿಯಾಗುವ ಬ್ರಷ್ಷಾಗಲಿ ಬಟ್ಟೆಯಾಗಲಿ ಚೇಂಬರಿನಲ್ಲಿ ಸಡಿಲವಾಗಿ ಜಾರಿಹೋಗುತ್ತದೆ. ವರ್ಷಗಟ್ಟಲೆ ನಾನು ನಳಿಗೆ ತೊಳೆದಿದ್ದೆ, ಚೇಂಬರ್ ತೊಳೆದಿರಲೇ ಇಲ್ಲ. ಅದಕ್ಕೆ ಒಂದು ಅಳತೆ ದೊಡ್ಡ ಬ್ರಷ್ ಬೇಕು, 10 ಬೋರಿನದ್ದು ಆಗುತ್ತದೆ (ಬೋರಿನ ಸಂಖ್ಯೆ ಕಮ್ಮಿಯಾದಷ್ಟು ನಳಿಗೆ ಅಗಲ). ಸಿಗದಿದ್ದರೆ 12ರ ಬ್ರಷ್ಷಿಗೇ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಬೇಕು. ನಾನು ಹಾಗೇ ಮಾಡಿ ಸೀಮೆಎಣ್ಣೆಯಲ್ಲಿ ಅದ್ದಿ ತಿರುಗಿಸಿದೆ. ಮೊದಲ ಬಟ್ಟೆ ಕಪ್ಪಾಗಿ ಬಂತು, ಜೊತೆಗೆ ಸಿಪ್ಪೆಯಂಥದ್ದು ಏನೋ ಎದ್ದು ಬಂತು. ಕರಗಿ ಅಂಟಿದ ಪ್ಲಾಸ್ಟಿಕ್ ಅದು. ಎಂಟನೇ ಬಟ್ಟೆಗೆ ಕಪ್ಪು ನಿಂತಿತು, ಕಂದು ನಿಲ್ಲಲಿಲ್ಲ. ಬೆರಳು ಹಾಕಿದರೆ ತರಿತರಿ ತಾಗುತ್ತಿತ್ತು.

ನಡುವೆ ಇನ್ನೊಂದು ಅನುಮಾನ ಬಂತು. ಕ್ಯಾಲೆಂಡರಿನಲ್ಲಿ ಬರೆದದ್ದರಲ್ಲಿ, ಜುಲೈಯಲ್ಲಿ ಸರಾಗವಾಗಿ ಹಾರಿದ ಮೊದಲ ತೋಟೆ ಹಳೆಯ ಪೆಟ್ಟಿಗೆಯದು. ಜೂನಿನಲ್ಲಿ ಕಚ್ಚಿಕೊಂಡದ್ದು ಹೊಸ ಪೆಟ್ಟಿಗೆಯದು. ಎರಡರ ತಲೆಯೂ ಹಿತ್ತಾಳೆಯ ಬಣ್ಣ, ನೋಡಲು ಒಂದೇ. ಭಾವ ಶಾಪಿನಿಂದ ಅಯಸ್ಕಾಂತ ತಂದು ಹಿಡಿದರು. ಹಳೆಯದು ಅಲ್ಲಾಡಲಿಲ್ಲ. ಹೊಸದು ಟಪ್ ಎಂದು ಅಂಟಿಕೊಂಡಿತು. ಒಳಗೆ ಉಕ್ಕು, ಮೇಲೆ ಹಿತ್ತಾಳೆಯ ಲೇಪ. ಹಿತ್ತಾಳೆ ಈಡಿನಲ್ಲಿ ಉಬ್ಬಿದರೂ ಸ್ಪ್ರಿಂಗಿನ ಹಾಗೆ ವಾಪಸ್ ಕುಗ್ಗುತ್ತದೆ, ಮೆದು ಉಕ್ಕು ಅಷ್ಟು ಕುಗ್ಗುವುದಿಲ್ಲ. ನುಣುಪಾದ ಚೇಂಬರಿನಲ್ಲಿ ಅದರಿಂದ ತೊಂದರೆ ಇಲ್ಲ, ಎಷ್ಟೋ ಜನ ಅದನ್ನೇ ಹೊಡೆಯುತ್ತಾರೆ. ತರಿ ಬಿದ್ದ ಚೇಂಬರಿನಲ್ಲಿ ಕಚ್ಚಿ ಹಿಡಿಯುತ್ತದೆ. ತುಕ್ಕೂ ಉಕ್ಕೂ ಒಟ್ಟಿಗೆ ಸೇರಿದ ದಿನವೇ ಹಂದಿ ಎದ್ದು ನಿಂತದ್ದು.

ಉಜ್ಜಿ ಪಾಲಿಶ್ ಮಾಡಲು ಭಾವ ತಯಾರಿದ್ದರು, ಡ್ರಿಲ್ ಮೆಷಿನ್ ಇದೆ, ಹತ್ತು ನಿಮಿಷದ ಕೆಲಸ ಅಂದರು. ನಾನು ಬೇಡ ಅಂದೆ. ಚೇಂಬರಿನಲ್ಲಿ ಲೋಹ ಜಾಸ್ತಿ ಹೋದರೆ ಅದನ್ನು ವಾಪಸ್ ಹಾಕಲು ಆಗುವುದಿಲ್ಲ, ಒತ್ತಡ ತಡೆಯುವ ಜಾಗ ಅದು. ಕೋವಿ ರಿಪೇರಿಯನ್ನು ಅದಕ್ಕೆ ಲೈಸೆನ್ಸ್ ಇರುವವರೇ ಮಾಡಬೇಕು ಅನ್ನುವ ಕಾನೂನೂ ಇದೆ.

ಮಂಗಳೂರು ನಮಗೆ ಹತ್ತಿರ. ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲಕ್ಕೂ ಅಲ್ಲಿಗೇ ಹೋಗುವುದು. ಆದರೆ ನನ್ನ ಲೈಸೆನ್ಸ್ ಇರುವುದು ಕೇರಳಕ್ಕೆ ಮಾತ್ರ. ಕೋವಿ ಹಿಡಿದು ತಲಪಾಡಿ ದಾಟಿದರೆ ನಾನು ಅಪರಾಧಿ. ಹಾಗಾಗಿ ಪಕ್ಕದ ಊರನ್ನು ಬಿಟ್ಟು ಕಣ್ಣೂರು ಕಡೆಗೆ ಜೀಪು ಹತ್ತಬೇಕಾಯಿತು. ಗಡಿಯಲ್ಲಿ ಬದುಕುವವರಿಗೆ ಇದು ಹೊಸತಲ್ಲ, ಆದರೂ ಆ ದಿನ ಮನಸ್ಸಿಗೆ ಬೇಸರವಾಯಿತು. ಕೋವಿ ಬಿಚ್ಚಿ ಚೀಲದಲ್ಲಿ, ಲೈಸೆನ್ಸ್ ಅಂಗಿಯ ಜೇಬಿನಲ್ಲಿ, ತೋಟೆ ಒಂದೂ ಇಲ್ಲ. ಖಾಲಿ ತೋಟೆಗಳನ್ನು ಮಾತ್ರ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಾರೀಕು ಬರೆದು ಹಾಕಿಕೊಂಡೆ.

ಅಲ್ಲಿನ ಕೋವಿ ರಿಪೇರಿ ಅಂಗಡಿಯಲ್ಲಿ ವಯಸ್ಸಾದ ಇಕ್ಕ (ಮುಸ್ಲಿಂ ಹಿರಿಯರು) ಒಬ್ಬರು ಇದ್ದರು. ಲೈಸೆನ್ಸಿನ ವಿವರ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಕೋವಿಗೆ ಕೈ ಹಾಕಿದರು. ನಾನು ಮಲಯಾಳದಲ್ಲಿ ಕಥೆ ಹೇಳಲು ಶುರು ಮಾಡಿದರೆ ಕೈ ತೋರಿಸಿ ನಿಲ್ಲಿಸಿ, ಡಬ್ಬಿಯನ್ನು ಕೇಳಿದರು. ಖಾಲಿ ತೋಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಹರಿದ ಅಂಚಿನ ತೋಟೆಯನ್ನು ಬದಿಗಿಟ್ಟು, "ಕೊಕ್ಕೆಯ ಹಲ್ಲು ಗಟ್ಟಿಯಿದೆ, ಚೇಂಬರ್ ಹಾಳು" ಅಂದರು. ಇನ್ನೂ ಕೋವಿಯ ಒಳಗೆ ನೋಡಿಯೇ ಇರಲಿಲ್ಲ. ನನಗೆ ಆ ಕ್ಷಣ ಬಹಳ ಖುಷಿಯಾಯಿತು, ನಾನು ನೋಡಿದ್ದನ್ನೇ ಅವರೂ ನೋಡಿದ್ದರು.

ಒಂದು ಕೋಲಿಗೆ ತೀರಾ ನುಣುಪಾದ ಸ್ಟೀಲ್ ವುಲ್ ಸುತ್ತಿ, ಎಣ್ಣೆ ಹಾಕಿ, ಕೈಯಲ್ಲೇ ತಿರುಗಿಸುತ್ತಾ ಹೋದರು. ಸ್ವಲ್ಪ ತಿರುಗಿಸುವುದು, ಒರೆಸುವುದು, ದೀಪಕ್ಕೆ ಹಿಡಿದು ನೋಡುವುದು. ಹೀಗೆ ಹತ್ತಿರ ಹತ್ತಿರ ಒಂದು ಗಂಟೆ. ತುಕ್ಕಿನ ಉಂಗುರ ಹೋಯಿತು, ಎರಡು ಮೂರು ಕಡೆ ಸೂಜಿಮೊನೆಯಷ್ಟು ಗುಳಿ ಉಳಿಯಿತು. ಅದನ್ನು ತೆಗೆಯಲು ಹೋಗಬಾರದು, ಅಷ್ಟಕ್ಕೆ ತೋಟೆ ಕಚ್ಚುವುದಿಲ್ಲ ಅಂದರು. ಆಮೇಲೆ ಬೋಲ್ಟಿನಿಂದ ಕೊಕ್ಕೆ ತೆಗೆದು ತೋರಿಸಿದರು. ಅದರ ಹಿಂದಿನ ಸ್ಪ್ರಿಂಗಿನ ಗೂಡಿನಲ್ಲಿ ನನ್ನ ಎಣ್ಣೆಯೇ ದೂಳಿನ ಜೊತೆ ಸೇರಿ ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು. ಹಲ್ಲು ಗಟ್ಟಿಯಿದ್ದರೂ ಕೊಕ್ಕೆಗೆ ಒತ್ತಿ ಹಿಡಿಯುವ ಶಕ್ತಿ ಕಮ್ಮಿಯಾಗಿತ್ತು, ಅದಕ್ಕೇ ಅಂಚು ಹರಿದದ್ದೇ ತಡ ಜಾರಿಹೋದದ್ದು. ತೊಳೆದು, ಸ್ಪ್ರಿಂಗ್ ಹೊಸದು ಹಾಕಿದರು. ಎಜೆಕ್ಟರನ್ನು ಬೆರಳಿನಲ್ಲಿ ಅಲ್ಲಾಡಿಸಿ ನೋಡಿದರು, ಅದು ಸರಿಯಿತ್ತು.

ಹೊರಡುವಾಗ ಅವರು ಹೇಳಿದ ಒಂದು ವಿಷಯ ನಾನು ಈಗ ತಪ್ಪದೆ ಮಾಡುತ್ತೇನೆ. ಎತ್ತಿಡುವಾಗ ಚೇಂಬರಿಗೆ ತೆಳ್ಳಗೆ ಎಣ್ಣೆ ಇರಲಿ, ಆದರೆ ಹೊಡೆಯುವ ಮೊದಲು ಒಣಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ಎಣ್ಣೆ ಇದ್ದರೆ ತೋಟೆ ಗೋಡೆಗೆ ಹಿಡಿದುಕೊಳ್ಳದೆ ಈಡಿನ ಹೊಡೆತವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ. ಬಟ್ಟೆಯ ಚೀಲವನ್ನು ಪ್ರಯಾಣಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಕಪಾಟಿನಲ್ಲಿ ಕೋವಿ ಚೀಲವಿಲ್ಲದೆ ನಿಲ್ಲುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈಗೆ ಬರುತ್ತದೆ. ಇನ್ನು ಠಾಣೆಗೆ ಕೊಡುವ ಸಂದರ್ಭ ಬಂದರೆ ಚೇಂಬರಿಗೆ ಬೇರೆಯೇ ದಪ್ಪ ಎಣ್ಣೆಬಟ್ಟೆ ಎಳೆದು ಕೊಡುವುದು ಅಂತ ಮಾಡಿದ್ದೇನೆ.

ಆಗಸ್ಟ್ ಕೊನೆಯಲ್ಲಿ ಮತ್ತೆ ಆದೇಶ ಬಂತು. ಮಾವನೇ ಟಾರ್ಚ್ ಹಿಡಿದರು. ಈ ಸಲ ಬೇಕೆಂದೇ ಉಕ್ಕಿನ ತಲೆಯ ತೋಟೆಗಳನ್ನು ಹಾಕಿಕೊಂಡು ಹೋಗಿದ್ದೆ, ಮಾವನ ಜೋಡುನಳಿಗೆ ಪಕ್ಕದಲ್ಲಿ ತಯಾರಿತ್ತು. ಮೂರು ಈಡು ಬೇಕಾಯಿತು. ಮೂರು ಸಲವೂ ಹಿಡಿಯನ್ನು ಕೊನೆಮುಟ್ಟ ಎಳೆದೆ, ಮೂರು ಸಲವೂ ತೋಟೆ ಹಾರಿದ್ದು ಕಿವಿಗೆ ಕೇಳಿಸಿತು, ಅಡಿಕೆ ಸೋಗೆಗೆ ಬಡಿದ ಸದ್ದು. ಹಂದಿಯನ್ನು ಹೂಳಿ ಮುಗಿಸುವಾಗ ಒಂದು ಗಂಟೆ ದಾಟಿತ್ತು. ಮಾವ ಹೋದ ಮೇಲೆ ನಾನೊಬ್ಬನೇ ಟಾರ್ಚ್ ಹಿಡಿದು ಸೋಗೆಯ ನಡುವೆ ತೋಟೆ ಹುಡುಕಿದೆ. ಎರಡು ಬೇಗ ಸಿಕ್ಕಿದವು. ಮೂರನೆಯದು ಬಾಳೆಯ ಬುಡದ ನೀರಿನಲ್ಲಿ ತೇಲುತ್ತಿತ್ತು. ಅಲ್ಲೇ ಅಂಗಿಯಲ್ಲಿ ಒರೆಸಿ ಅಂಚು ನೋಡಿದೆ. ಗಾಯ ಇರಲಿಲ್ಲ, ಗೀರೂ ಇರಲಿಲ್ಲ.